ತಲೆಗೆ ಸುತ್ತಿದ ನೋಟು

ಸರೋಜಾ ಜೀವಮಾನದಲ್ಲಿ ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ನೆರೆಮನೆಯಿಂದ ಒಂದು ಬಟ್ಟಲು ಸಕ್ಕರೆ ತರಬೇಕಾದರೂ ಅವರ ಅಂಗಳದವರೆಗೆ ಹೋಗಿ, ನಾಚಿಕೆಯಾಗಿ ತಿರುಗಿ ಬಂದು, ಬೆಲ್ಲದ ಚಹಾ ಕುಡಿದು ಸುಮ್ಮನಾಗುವ ಪೈಕಿ. ಅಂಥವಳು ದೀಪಾವಳಿ ಅಮಾವಾಸ್ಯೆಯ ದಿನ, ಊರಿಗೆ ಊರೇ ಲಕ್ಷ್ಮೀಪೂಜೆಯ ಸಾಮಾನಿಗೆಂದು ಪೇಟೆಗೆ ಬಂದಿರುವಾಗ, ಕುಮಟೆಯ ನಡುಬೀದಿಯಲ್ಲಿ ಕೊರಳಿಗೆ ಚಂದಾ ಎತ್ತುವ ಪೇಂಟಿನ ಡಬ್ಬಿ ತೂಗುಹಾಕಿಕೊಂಡು ನಿಂತಿದ್ದಳು ಅಂದರೆ ಅವಳ ಊರು ಬೆಳಕೆಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಅದಕ್ಕೇ ಅವಳು ಕುಮಟೆಯನ್ನು ಕೇಳಿ ಹಾಕಿಸಿಕೊಂಡದ್ದು. ಭಟ್ಕಳದಲ್ಲಾದರೆ ಹೆಜ್ಜೆಗೊಬ್ಬರು ಗುರುತಿನವರು, ಇದೆಂತ ಅವತಾರ ಅಕ್ಕೋರೆ ಎಂದು ಕೇಳುವವರೇ. ಕುಮಟೆಯಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ.

ಅಕ್ಕೋರು ಅಂದರೆ ಬೆಳಕೆಯ ಅಂಗನವಾಡಿಯ ಅಕ್ಕೋರು. ಇಪ್ಪತ್ತೆರಡು ವರ್ಷದಿಂದ ಆ ಊರಿನ ಮಕ್ಕಳ ಮೂಗು ಒರೆಸಿ, ಮೊಟ್ಟೆ ಸುಲಿದು ಕೊಟ್ಟು, ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ಕೂರಿಸಿ ತೂಕ ಬರೆದುಕೊಂಡವಳು. ಡಬ್ಬಿಯ ಮೇಲಿನ ಫೋಟೋದಲ್ಲಿ ಎರಡು ಜುಟ್ಟು ಕಟ್ಟಿಕೊಂಡು ನಗುತ್ತಿದ್ದ ಸುಚಿತಾ ಅವಳ ಅಂಗನವಾಡಿಯ ಹುಡುಗಿ. ಐದೂವರೆ ವರ್ಷ. ಅಪ್ಪ ಭಾಸ್ಕರ ಮೀನಿನ ಬೋಟಿಗೆ ಹೋಗುವವನು, ಅಮ್ಮ ಗಂಗಿಯ ಕೈಯಲ್ಲಿ ಮೂರು ತಿಂಗಳ ಇನ್ನೊಂದು ಕೂಸು. ಸುಚಿತಾಳ ಹೃದಯದಲ್ಲಿ ತೂತಿದೆ ಎಂದು ಗೊತ್ತಾದದ್ದು ಈ ಮಳೆಗಾಲದಲ್ಲಿ.

ಗೊತ್ತಾಗಬೇಕಾದದ್ದು ಹೋದ ವರ್ಷವೇ. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಆ ಹುಡುಗಿಯ ತುಟಿ ನೀಲಿಯಾಗಿ ಕಂಡಾಗ ಸರೋಜಾ, ಮತ್ತೆ ನೇರಳೆ ಹಣ್ಣು ತಿಂದು ಬಂದೆಯಾ ಎಂದು ಗದರಿಸಿ, ಸೆರಗಿನ ತುದಿ ಒದ್ದೆ ಮಾಡಿ ತುಟಿ ತಿಕ್ಕಿದ್ದಳು. ಅಂಗನವಾಡಿಯ ಹಿಂದೆಯೇ ನೇರಳೆ ಮರ, ಆ ದಿನಗಳಲ್ಲಿ ಯಾವ ಮಗುವಿನ ಬಾಯಿ ನೋಡಿದರೂ ಅದೇ ಬಣ್ಣ. ಪಾಪದ ಹುಡುಗಿ, ಅಕ್ಕೋರೇ ಹೇಳಿದ ಮೇಲೆ ತಿಂದಿರಬೇಕು ಎಂದುಕೊಂಡು ಹೂಂ ಅಂದಿತ್ತು. ಒಂದು ವರ್ಷ ಮೊದಲೇ ಕರೆದುಕೊಂಡು ಬಂದಿದ್ದರೆ ಇಷ್ಟು ಕಷ್ಟವಿರಲಿಲ್ಲ ಎಂದು ಡಾಕ್ಟರು ಅಂದರಂತೆ. ಆ ಮಾತನ್ನು ಭಾಸ್ಕರ ಬಂದು ಹೇಳಿದ ದಿನ ಸರೋಜಾ ಬಾಗಿಲು ಹಾಕಿಕೊಂಡು ಅತ್ತಳು. ಅವನು ಅವಳನ್ನು ಒಂದು ಮಾತು ದೂರಲಿಲ್ಲ. ದೂರಿದ್ದರೆ ಎಷ್ಟೋ ವಾಸಿಯಿತ್ತು. ಈ ಹುಡುಗಿ ಬದುಕಿ ಬಂದರೆ ಮಾತ್ರ ತಾನು ಮತ್ತೆ ಆ ತಕ್ಕಡಿಯ ಮುಂದೆ ಕೂರಬಲ್ಲೆ, ಇಲ್ಲವಾದರೆ ಇಲ್ಲ ಎಂದು ಅವಳು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದಳು.

ಓಡಾಡಿ ಎಲ್ಲ ಮಾಡಿದವನು ಸಂತೋಷ. ಭಟ್ಕಳದ ಪಕ್ಕದ ಜಾಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಅವನದೊಂದು ಗೆಳೆಯರ ಕೂಟವಿದೆ. ಕ್ರಿಕೆಟ್ ಆಡುವುದು, ಯಾರಿಗಾದರೂ ರಕ್ತ ಬೇಕೆಂದರೆ ಹೋಗಿ ಕೊಡುವುದು, ಎರಡನ್ನೂ ಒಂದೇ ಗದ್ದಲದಲ್ಲಿ ಮಾಡುವ ಹುಡುಗರು. ಪೊಲೀಸರ ಪರವಾನಗಿ, ಆಸ್ಪತ್ರೆಯ ಪತ್ರದ ಝೆರಾಕ್ಸು, ಮೂರು ಪೇಂಟಿನ ಡಬ್ಬಿ, ಮೂರಕ್ಕೂ ಬೀಗ, ಕೀಲಿಕೈ ಎಲ್ಲ ಅವನ ಹತ್ತಿರ. ಭಟ್ಕಳದಲ್ಲಿ ಅವನೇ ನಿಂತ, ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಶ್ರೀಧರನೆಂಬ ಗೆಳೆಯ, ಕುಮಟೆಯಲ್ಲಿ ಅಕ್ಕೋರು. ಹಬ್ಬದ ದಿನಗಳಲ್ಲಿ ಜನರ ಕೈಯಲ್ಲಿ ದುಡ್ಡೂ ಇರುತ್ತದೆ, ಮನಸ್ಸೂ ಮೆತ್ತಗಿರುತ್ತದೆ ಎಂಬುದು ಅವನ ಅಂದಾಜು. ಸರಕಾರದ ಕಾರ್ಡಿನಲ್ಲಿ ಆಗುವಷ್ಟು ಆಗಿ, ಮಂಗಳೂರಿನ ಆಸ್ಪತ್ರೆಗೆ ಇನ್ನೂ ಒಂದೂವರೆ ಲಕ್ಷ ಕಟ್ಟುವುದಿತ್ತು. ಸುಚಿತಾ ಆಗಲೇ ಅಪ್ಪನ ಜೊತೆ ಅಲ್ಲಿ ಅಡ್ಮಿಟ್ಟಾಗಿದ್ದಳು, ಗಂಗಿ ಕೂಸಿನ ಜೊತೆ ಊರಲ್ಲಿ. ಹಬ್ಬ ಕಳೆದ ಸೋಮವಾರ ಆಪರೇಶನ್.

ಹಬ್ಬದ ಪೇಟೆಯಲ್ಲಿ ಬೇಡುವುದಕ್ಕೂ ಒಂದು ಹೊತ್ತುಗೊತ್ತು ಇದೆ ಎಂಬುದು ಸರೋಜಾಗೆ ಅಮಾವಾಸ್ಯೆಗೆ ಮೊದಲೇ, ನಿಂತ ಮೊದಲ ದಿನವೇ ತಿಳಿಯಿತು. ಬೆಳಿಗ್ಗೆ ಬೋಣಿ ಆಗುವ ಮೊದಲು ಯಾವ ಅಂಗಡಿಯವನೂ ಕಾಸು ಬಿಚ್ಚುವುದಿಲ್ಲ. ಮೊದಲ ಗಿರಾಕಿಯ ದುಡ್ಡು ಗಲ್ಲೆಗೆ ಬಿದ್ದ ಮೇಲೆಯೇ ಧರ್ಮ, ಪುಣ್ಯ ಎಲ್ಲ. ಸಂಜೆ ದೀಪ ಹಚ್ಚಿದ ಮೇಲೂ ಇಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿಗೆ ದುಡ್ಡು ಹೊರಗೆ ಹೋಗಬಾರದು. ಸಿಗುವುದೆಲ್ಲ ಅದರ ನಡುವೆ. ಹಾಗೆಂದು ಗೊತ್ತಿಲ್ಲದೆ ಮೊದಲ ದಿನ ಬೆಳಿಗ್ಗೆ ಎಂಟೂವರೆಗೇ ಕಮಲಾಕರ ಎಂಬವರ ಜವಳಿ ಅಂಗಡಿಯ ಮೆಟ್ಟಿಲು ಹತ್ತಿ ಬೈಸಿಕೊಂಡಳು. ಕಮಲಾಕರರು ಕನ್ನಡಕ ಏರಿಸಿ, ಈ ವರ್ಷ ಇದು ನಾಲ್ಕನೇ ಡಬ್ಬಿ, ಮೊದಲು ಬಂದ ಮೂರರಲ್ಲಿ ಎರಡು ಸುಳ್ಳು, ಪತ್ರ ಇದೆಯಾ ಎಂದು ಕೇಳಿದರು. ಕೊಟ್ಟಳು. ಆಸ್ಪತ್ರೆಯ ಸೀಲಿನವರೆಗೂ ಒಂದಕ್ಷರ ಬಿಡದೆ ಓದಿದರು. ಓದಿ ಮಡಚಿ ಕೊಟ್ಟು, ಬಿಸಿಲಿಗೆ ಯಾಕೆ ನಿಲ್ಲುತ್ತೀರಿ, ನಮ್ಮ ಮೆಟ್ಟಿಲ ಮೇಲೆ ನೆರಳಿದೆ, ಗಿರಾಕಿಗೆ ಅಡ್ಡವಾಗದ ಹಾಗೆ ಒಂದು ಬದಿಗೆ ನಿಂತುಕೊಳ್ಳಿ ಎಂದರು. ಬೈಗುಳವೂ ಉಪಕಾರವೂ ಅವರ ಬಾಯಲ್ಲಿ ಒಂದೇ ದನಿಯಲ್ಲಿ ಬರುತ್ತಿತ್ತು.

ಆ ಮೆಟ್ಟಿಲ ಎದುರಿಗೇ, ರಸ್ತೆಯಾಚೆ, ಗೋಣಿ ಹಾಸಿಕೊಂಡು ಸೇವಂತಿಗೆ, ಚೆಂಡುಹೂವಿನ ರಾಶಿ ಹಾಕಿ ಕೂತಿದ್ದವಳು ಪರಮೇಶ್ವರಿ. ಅರುವತ್ತರ ಹತ್ತಿರದ ಹೆಂಗಸು, ಬಾಯಲ್ಲಿ ಎಲೆಯಡಿಕೆಯ ಕವಳ, ತೊಡೆಯ ಮೇಲೆ ಮಗಳ ಎರಡು ವರ್ಷದ ಗಂಡುಮಗು. ಮಗಳು ಸಂಬಳದ ಕೆಲಸಕ್ಕೆ ಹೋಗುತ್ತಾಳೆ, ಮಗು ಹೂವಿನ ರಾಶಿಯಲ್ಲೇ ಬೆಳೆಯುತ್ತಿದೆ. ಅಮಾವಾಸ್ಯೆಯ ದಿನ ಹನ್ನೊಂದರ ಸುಮಾರಿಗೆ, ವ್ಯಾಪಾರ ಒಂದು ಹದಕ್ಕೆ ಬಂದ ಮೇಲೆ, ಅವಳು ಎದ್ದು ರಸ್ತೆ ದಾಟಿ ಬಂದಳು. ಸೊಂಟದಿಂದ ಇಪ್ಪತ್ತರ ನೋಟು ತೆಗೆದು, ಕಂಕುಳಲ್ಲಿದ್ದ ಮೊಮ್ಮಗನ ತಲೆಗೆ ಮೂರು ಸುತ್ತು ನಿವಾಳಿಸಿ, ಅವನ ಹೆಸರು ಹೇಳಿ ಡಬ್ಬಿಗೆ ಹಾಕಿದಳು. ಆಮೇಲೆ ಮಗುವಿನ ಕೈ ಹಿಡಿದು ಫೋಟೋದ ಸುಚಿತಾಳ ಕೆನ್ನೆಗೆ ಮುಟ್ಟಿಸಿ, ಆ ಮಗೀಗೂ ಆರಾಮಾಗ್ಲಿ, ನಮ್ಮ ಮಗೀಗೂ ಎಂತ ಬರದೆ ಇರ್ಲಿ ಎಂದಳು.

ಮಕ್ಕಳ ತಲೆಗೆ ದುಡ್ಡು ಸುತ್ತಿ ಕೊಡುವುದು ಹೊಸತೇನಲ್ಲ. ಮಗುವಿಗೆ ಬರುವ ಪೀಡೆ ಆ ದುಡ್ಡಿನ ಜೊತೆ ಹೋಗಲಿ ಎಂದು ಸುತ್ತುವುದು. ಸುತ್ತಿದ ದುಡ್ಡನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಕಷ್ಟದಲ್ಲಿದ್ದವರಿಗೆ ಕೊಟ್ಟುಬಿಡಬೇಕು. ಕೊಟ್ಟ ಮೇಲೆ ವಾಪಸು ಮುಟ್ಟುವ ಮಾತೇ ಇಲ್ಲ. ಆದರೆ ಹಬ್ಬದ ಪೇಟೆಯಲ್ಲಿ ಒಬ್ಬಳು ಹೀಗೆ ಮಾಡಿದ್ದನ್ನು ಕಂಡದ್ದೇ ತಡ, ಮಕ್ಕಳ ಕೈ ಹಿಡಿದುಕೊಂಡು ಬಂದ ತಾಯಂದಿರೆಲ್ಲ ಸುರುಮಾಡಿದರು. ಅಲ್ಲಿಯವರೆಗೆ ಡಬ್ಬಿಯ ಮೇಲಿನ ಕ್ಯೂಆರ್ ಕೋಡಿಗೆ ಫೋನು ಹಿಡಿದು ಹತ್ತೋ ಇಪ್ಪತ್ತೋ ಕಳಿಸಿ ಹೋಗುತ್ತಿದ್ದವರು, ಈಗ ಪರ್ಸಿನಲ್ಲಿ ನೋಟು ಹುಡುಕತೊಡಗಿದರು. ಫೋನನ್ನು ಮಗುವಿನ ತಲೆಗೆ ಸುತ್ತಿದರೆ ಪೀಡೆ ಹೋಗುತ್ತದೋ ಇಲ್ಲವೋ ಯಾರಿಗೆ ಗೊತ್ತು. ಒಬ್ಬೊಬ್ಬರೂ ಮಗುವಿನ ಹೆಸರು ಹೇಳುವರು, ನೋಟು ಹಾಕುವರು, ಮಗುವಿನ ಕೈಯಿಂದ ಫೋಟೋ ಮುಟ್ಟಿಸುವರು. ಸರೋಜಾ ಪ್ರತಿ ಹೆಸರನ್ನೂ ತಿರುಗಿ ಹೇಳಿ, ಒಳ್ಳೇದಾಗ್ಲಿ ಎನ್ನುವಳು. ಅಂಗನವಾಡಿಯ ಅಭ್ಯಾಸ, ಒಂದು ಸಲ ಕೇಳಿದ ಮಗುವಿನ ಹೆಸರು ಅವಳಿಗೆ ಮರೆಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಕೊರಳು ಜಗ್ಗುವಷ್ಟು ಭಾರವಾಗಿತ್ತು. ಸರೋಜಾಗೆ ಎಷ್ಟೋ ತಿಂಗಳ ಮೇಲೆ ಹಸಿವಾಯಿತು. ಇಷ್ಟು ಮಕ್ಕಳ ಹೆಸರು ಸೇರಿದ ಮೇಲೆ ಆ ಒಂದು ಮಗುವನ್ನು ದೇವರು ಹೇಗೆ ತಾನೇ ಬಿಟ್ಟಾನು ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತು. ಎರಡು ಬನ್ಸು ತಿಂದಳು.

ಮೂರು ಗಂಟೆ ಹೊಡೆದು ಐದು ನಿಮಿಷಕ್ಕೆ ಸಂತೋಷನ ಫೋನು ಬಂತು. ಸ್ವಲ್ಪ ಬದಿಗೆ ಬನ್ನಿ ಅಕ್ಕೋರೆ ಎಂದ. ಅವಳು ಮೆಟ್ಟಿಲಿಳಿದು ಅಂಗಡಿಯ ಪಕ್ಕದ ಓಣಿಗೆ ಹೋದಳು.

"ಸುಚಿತಾ ಹೋತು ಅಕ್ಕೋರೆ. ಈಗಷ್ಟೆ, ಮೂರಕ್ಕೆ. ನಾ ಫೋನ್ ಮಾಡಿದ್ದೆ, ಭಾಸ್ಕರಣ್ಣ ಹೇಳ್ದ."

ಸಂತೋಷ ಅಳುತ್ತಲೇ ಮಾತಾಡುತ್ತಿದ್ದ. ಹತ್ತು ದಿನದ ಬಿಲ್ಲು ಕಟ್ಟದೆ ಮಗುವನ್ನು ಕೊಡುವುದಿಲ್ಲ ಎನ್ನುತ್ತಿದ್ದಾರಂತೆ. ಅಂದಾಜಿಗೆ ಮೂರು ಡಬ್ಬಿಯದ್ದೂ ಫೋನಿಗೆ ಬಂದದ್ದೂ ಸೇರಿಸಿದರೂ ನಲವತ್ತು ಸಾವಿರ ಕಡಿಮೆ ಬೀಳುತ್ತದೆ. ನಾಳೆ ನಾಡಿದ್ದು ಹಬ್ಬದ ರಜೆ, ಹೇಳಿ ಕೇಳಿ ಮಾಡೋಣವೆಂದರೆ ಅಲ್ಲಿ ದೊಡ್ಡವರು ಯಾರೂ ಸಿಗುವುದಿಲ್ಲ. ಭಾಸ್ಕರ ಒಬ್ಬನೇ ಅಲ್ಲಿ ಕೂತಿದ್ದಾನೆ.

"ಯಾರ ಹತ್ರನೂ ಹೇಳ್ಬೇಡಿ" ಎಂದ ಸಂತೋಷ. "ಹೇಳಿದ್ರೆ ಇನ್ನೊಂದು ರೂಪಾಯಿ ಬೀಳುದಿಲ್ಲ. ದೀಪ ಹಚ್ಚುವವರೆಗೆ ನಿಂತ್ಕಳಿ. ಮಗೂನ ಮನೆಗೆ ತರಬೇಕಲ್ಲ ಅಕ್ಕೋರೆ."

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು. ಲಕ್ಷ್ಮಿಯನ್ನು ಬರಮಾಡಿಕೊಳ್ಳುವ ದಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಸಾವಿನ ಸುದ್ದಿ ಹೇಳಿದರೆ ಕೊಡುವುದು ಹಾಗಿರಲಿ, ನಿಲ್ಲಲಿಕ್ಕೂ ಬಿಡುವುದಿಲ್ಲ. ಸರೋಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ಎದೆಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಎರಡು ಜುಟ್ಟಿನ ಹುಡುಗಿ. ಅಳಬೇಕು ಅನ್ನಿಸಿತು, ಅತ್ತರೆ ಕೇಳುತ್ತಾರೆ ಅಂತಲೂ ಅನ್ನಿಸಿತು. ಮತ್ತೆ ಹೋಗಿ ಅದೇ ಮೆಟ್ಟಿಲ ಮೇಲೆ ನಿಂತಳು. ಮನುಷ್ಯರ ಕೈಯಲ್ಲಿ ಇಂಥದ್ದೂ ಆಗುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ಬಂದವನು ಒಬ್ಬ ಮುದುಕ, ಚಿಲ್ಲರೆ ಹಾಕಿ ಹೋದ. ಅವನ ಮುಖ ನೋಡದೆ ಒಳ್ಳೇದಾಗ್ಲಿ ಎಂದಳು. ಇಂಥವರಿಂದ ತೆಗೆದುಕೊಳ್ಳಬಹುದು, ಇದು ಮಗುವನ್ನು ಮನೆಗೆ ತರುವ ದುಡ್ಡು, ಇದರಲ್ಲಿ ಮೋಸವಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಅವನ ಹಿಂದೆಯೇ ಒಬ್ಬಳು ತಾಯಿ ಬಂದಳು. ಮಗನ ತಲೆಗೆ ಹತ್ತರ ನೋಟು ಸುತ್ತಿ, ತನ್ವಿತ್ ಎಂದು ಹೆಸರು ಹೇಳಿ ಹಾಕಿದಳು. ಹುಡುಗ ತುದಿಗಾಲಲ್ಲಿ ನಿಂತು ಫೋಟೋ ಮುಟ್ಟಿದ. ಸತ್ತ ಮಗುವಿನ ಕೆನ್ನೆಗೆ ಬದುಕಿರುವ ಮಗುವಿನ ಕೈ. ಆರಾಮಾಗಲಿ ಎಂದು ಸುತ್ತಿದ ನೋಟು ಎಲ್ಲಿಗೆ ಹೋಗಿ ಬಿತ್ತು. ಅವಳೂ ಅದೇ ಮಣ್ಣಿನವಳು, ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿಗೆ ತಾನೇ ಉಪ್ಪು ಮೆಣಸು ನಿವಾಳಿಸಿ ಹಾಕಿದವಳು. ಇದೆಲ್ಲ ಏನೂ ಅಲ್ಲ ಎಂದುಕೊಳ್ಳಲು ಅವಳಿಂದ ಆಗಲಿಲ್ಲ.

ಆಮೇಲೆ ಅವಳು ಕಳ್ಳಾಟ ಸುರುಮಾಡಿದಳು. ಫೋಟೋ ಕಾಣದ ಹಾಗೆ ಡಬ್ಬಿಯನ್ನು ತಿರುಗಿಸಿ ತನ್ನ ಹೊಟ್ಟೆಗೆ ಒತ್ತಿಕೊಂಡಳು. ಮಕ್ಕಳ ಕೈ ಹಿಡಿದವರು ಬಂದರೆ ಆ ಕಡೆ ಮುಖ ಮಾಡಿದಳು. ಆದರೂ ಜನ ಬಿಡಬೇಕಲ್ಲ. ಫೋಟೋ ಎಲ್ಲಿ, ತಿರುಗ್ಸಿ ಎಂದು ತಾವೇ ಡಬ್ಬಿ ತಿರುಗಿಸಿದರು. ಮನಸ್ವಿ ಎಂಬ ಹುಡುಗಿಯದೊಂದು ನೋಟು ಬಿತ್ತು. ಒಬ್ಬ ಆಟೋದವನು ತನ್ನ ಅವಳಿ ಮಕ್ಕಳಿಗೆಂದು ಎರಡು ನೋಟು ಹಾಕಿದ. ಎರಡು ತಾಸಿನಲ್ಲಿ ನಾಲ್ಕು ಹೆಸರು. ನಾಲ್ಕನ್ನೂ ಅವಳು ತಿರುಗಿ ಹೇಳಲಿಲ್ಲ, ಆದರೆ ನಾಲ್ಕೂ ಒಳಗೆ ಹೋಗಿ ಕೂತವು.

ಐದರ ಹೊತ್ತಿಗೆ ಸಂತೆಗುಳಿಯ ಸುಬ್ಬಲಕ್ಷ್ಮಿ ಬಂದರು. ಯಾರೆಂದು ಅವರೇ ಹೇಳಿಕೊಂಡರು. ತೋಟದ ಮನೆಯವರು, ಮಾತುಗಾತಿ. ಹಬ್ಬದ ಸೀರೆ ಕಟ್ಟಿಸಿಕೊಂಡು ಕಮಲಾಕರರ ಅಂಗಡಿಯಿಂದ ಮೆಟ್ಟಿಲಿಳಿಯುತ್ತ ಜನ ಈಚೆ ತಿರುಗಿಸಿದ್ದ ಡಬ್ಬಿಯ ಫೋಟೋ, ಅದರ ಕೆಳಗೆ ಬರೆದ ಕಾಯಿಲೆಯ ಹೆಸರು ಕಂಡು ನಿಂತುಬಿಟ್ಟರು. ಜೊತೆಯಲ್ಲಿ ನಾಲ್ಕೈದು ವರ್ಷದ ಮೊಮ್ಮಗಳು ಸಂಪದಾ, ಸಣಕಲು ಹುಡುಗಿ, ಎರಡು ಮೆಟ್ಟಿಲಿಗೇ ಏದುಸಿರು. ಸರೋಜಾ ಮೊದಲು ನೋಡಿದ್ದು ಅವಳ ತುಟಿಯನ್ನು.

ನಮ್ಮ ಕೂಸಿಗೂ ಇದೇ ಕಾಯಿಲೆ, ಬರುವ ಗುರುವಾರ ಆಪರೇಶನ್ ಎಂದರು ಸುಬ್ಬಲಕ್ಷ್ಮಿ. ಅವರ ಕಣ್ಣು ತುಂಬಿತ್ತು. ಪರ್ಸಿನಿಂದ ಐನೂರರ ನೋಟು ತೆಗೆದು ಮೊಮ್ಮಗಳ ತಲೆಗೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ನಿವಾಳಿಸಿದರು. ಬಗ್ಗಿ ಆ ಹುಡುಗಿಯ ಕೈ ಹಿಡಿದು ಫೋಟೋಕ್ಕೆ ಇಟ್ಟರು.

"ನೋಡು ತಂಗಿ, ಈ ಕೂಸಿಗೂ ಗುಣ ಆಗ್ತು, ನಿಂಗೂ ಗುಣ ಆಗ್ತು. ಎಂತೂ ಹೆದ್ರಿಕೆ ಇಲ್ಲೆ."

ನೋಟು ಡಬ್ಬಿಯ ಬಾಯಿಯ ಹತ್ತಿರ ಬಂತು. ಸರೋಜಾ ಅಂಗೈಯಿಂದ ಡಬ್ಬಿಯ ಬಾಯಿ ಮುಚ್ಚಿದಳು.

"ಬೇಡ ಅಮ್ಮ."

ಸುಬ್ಬಲಕ್ಷ್ಮಿಗೆ ಅರ್ಥವಾಗಲಿಲ್ಲ. ಸಾಲದೆಂದು ಹೇಳುತ್ತಾಳೋ ಏನೋ ಎಂದುಕೊಂಡು ಇನ್ನೂ ಒಂದು ನೋಟು ತೆಗೆಯಲು ಹೋದರು. ಸರೋಜಾ ಕೈ ತೆಗೆಯಲಿಲ್ಲ. ಆಗ ಅವರಿಗೆ ಅವಮಾನವಾಯಿತು, ನಮ್ಮ ದುಡ್ಡು ನಿಮಗೆ ಆಗುವುದಿಲ್ಲವೇ ಎಂದು ದನಿ ಏರಿಸಿದರು. ಗಲ್ಲೆಯ ಹಿಂದಿನಿಂದ ಕಮಲಾಕರರು ಎದ್ದು ಬಂದರು. ದಾರಿಹೋಕರು ನಿಂತರು. ಇನ್ನು ಒಂದೂವರೆ ತಾಸು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆ ಸಣ್ಣ ಹುಡುಗಿ ಇನ್ನೂ ಫೋಟೋದ ಮೇಲೆ ಕೈಯಿಟ್ಟುಕೊಂಡೇ ಇತ್ತು.

"ಈ ಮಗು ಹೋತು ಅಮ್ಮ" ಎಂದಳು ಸರೋಜಾ. "ಮೂರು ಗಂಟೆಗೆ. ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿಂತಿದ್ದೆ."

ಸುಬ್ಬಲಕ್ಷ್ಮಿ ಮೊಮ್ಮಗಳ ಕೈಯನ್ನು ಕಿತ್ತುಕೊಂಡರು. ಸೆರಗಿನಿಂದ ಆ ಪುಟ್ಟ ಅಂಗೈಯನ್ನು ಒರೆಸಿದರು, ತಿರುಗಿಸಿ ಮತ್ತೊಮ್ಮೆ ಒರೆಸಿದರು. ಕೈಯಲ್ಲಿದ್ದ ಐನೂರನ್ನು ಪರ್ಸಿಗೆ ಹಾಕುವಂತಿಲ್ಲ, ಡಬ್ಬಿಗೆ ಹಾಕುವಂತೆಯೂ ಇಲ್ಲ. ಬೀದಿಗಿಳಿದು ಅದನ್ನು ನೆಲದ ಮೇಲೆ ಬಿಟ್ಟು, ಹುಡುಗಿಯನ್ನು ಎತ್ತಿಕೊಂಡು ನಡೆದುಬಿಟ್ಟರು. ಹಬ್ಬದ ಪೇಟೆಯ ನಡುವೆ ಐನೂರರ ನೋಟು ಬಿದ್ದಿತ್ತು, ಕಂಡವರೆಲ್ಲ ಸುತ್ತುಬಳಸಿ ಹೋದರು.

ಆಮೇಲೆ ಆದದ್ದನ್ನು ಏನು ಹೇಳುವುದು. ಸುದ್ದಿ ಅಂಗಡಿಯಿಂದ ಅಂಗಡಿಗೆ ಹೋಯಿತು. ಗಂಡಸರು ಮೋಸ, ದಂಧೆ, ಪೊಲೀಸರನ್ನು ಕರೆಯಿರಿ ಎಂದು ಕೂಗಾಡಿದರು. ಕಮಲಾಕರರು ಎರಡು ಕೈಯೆತ್ತಿ, ಪತ್ರ ನಾನೇ ಓದಿದ್ದೇನೆ, ಖರೆ ಇದೆ, ಸುಮ್ಮನಿರಿ ಎಂದು ಅವರ ಬಾಯಿ ಮುಚ್ಚಿಸಿದರು. ಗಂಡಸರ ಕೂಗಿಗೆ ಸರೋಜಾ ಹೆದರಲಿಲ್ಲ. ಅವಳಿಗೆ ಎದುರಿಸಲು ಆಗದೇ ಹೋದದ್ದು ತಾಯಂದಿರನ್ನು. ಬೆಳಿಗ್ಗೆಯಿಂದ ನೋಟು ಸುತ್ತಿ ಹಾಕಿದವರಲ್ಲಿ ಪೇಟೆಯಲ್ಲಿ ಇನ್ನೂ ಇದ್ದವರು ಒಬ್ಬೊಬ್ಬರೇ ಬಂದರು. ದುಡ್ಡು ವಾಪಸು ಕೇಳಲಿಲ್ಲ. ಸುತ್ತಿದ ದುಡ್ಡು ಯಾರಿಗೆ ಬೇಕು. ಹತ್ತಿರ ಬಂದು ದನಿ ತಗ್ಗಿಸಿ ಎಲ್ಲರೂ ಕೇಳಿದ್ದು ಒಂದೇ ಮಾತು.

"ನಮ್ಮ ಹುಡ್ಗಂದು ಮೂರಕ್ಕೆ ಮೊದಲಾ, ಆಮೇಲಾ?"

ಮೊದಲು ಎಂದಳು ಸರೋಜಾ. ಇನ್ನೊಬ್ಬಳು ಕೇಳಿದಳು, ಅವಳಿಗೂ ಮೊದಲು ಎಂದಳು. ಅವೆಲ್ಲ ನಿಜವೇ. ಆಮೇಲೆ ತನ್ವಿತನ ತಾಯಿ ಬಂದಳು. ಹುಡುಗನನ್ನು ಎದೆಗೆ ಅವಚಿಕೊಂಡು, ಅವನ ಮುಖ ತನ್ನ ಹೆಗಲಿಗೆ ಒತ್ತಿಕೊಂಡು ನಿಂತಿದ್ದಳು. ತಾನು ಎಷ್ಟು ಹೊತ್ತಿಗೆ ಬಂದದ್ದೆಂದು ಗಡಿಬಿಡಿಯಲ್ಲಿ ಗಡಿಯಾರ ನೋಡಿಲ್ಲ, ಎಷ್ಟು ನೆನಪು ಮಾಡಿಕೊಂಡರೂ ಗೊತ್ತಾಗುತ್ತಿಲ್ಲ ಎಂದಳು. ಸರೋಜಾಗೆ ಗೊತ್ತಿತ್ತು. ಮುದುಕನ ಹಿಂದೆ, ಮೂರೂಕಾಲಕ್ಕೆ.

"ಮೊದಲೇ ತಂಗಿ. ಎರಡೂವರೆ ಆಗಿತ್ತು" ಎಂದಳು.

ಎರಡು ತಾಸು ದುಡ್ಡಿಗಾಗಿ ಹೇಳಿದ ಸುಳ್ಳು ತಡೆತಡೆದು ಬಂದಿತ್ತು, ಇದು ಸರಾಗವಾಗಿ ಬಂತು. ಆ ತಾಯಿ ಅಲ್ಲೇ ನಿಂತು ಅತ್ತಳು, ಅವಳ ಕೈ ಹಿಡಿದು ಅತ್ತಳು. ಮನಸ್ವಿಯ ತಾಯಿಗೂ ಮೊದಲು ಎಂದಳು. ಆಟೋದವನು ಇಳಿದು ಬರಲೂ ಇಲ್ಲ, ದೂರದಿಂದಲೇ ಕೈಸನ್ನೆಯಲ್ಲಿ ಕೇಳಿದ; ಅವನಿಗೂ ಮೊದಲು ಎಂದು ಕೈಯಾಡಿಸಿದಳು. ಸಂಪದಾ ಒಬ್ಬಳಿಗೆ ಮಾತ್ರ ಏನೂ ಹೇಳಲು ಉಳಿದಿರಲಿಲ್ಲ.

ಸಂತೋಷನಿಗೆ ಫೋನು ಮಾಡಿ ಆದದ್ದು ಹೇಳಿದಳು. ಅವನು, ಇನ್ನೊಂದು ತಾಸು ತಡೆದುಕೊಳ್ಳಲು ಆಗಲಿಲ್ಲವಾ ಅಕ್ಕೋರೆ, ಇನ್ನು ಭಾಸ್ಕರಣ್ಣನ ಹತ್ತಿರ ನಾನು ಎಂತ ಹೇಳಲಿ ಎಂದು ಫೋನು ಇಟ್ಟ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತನ್ನಿಂದಾಗಿ ಆ ಹುಡುಗಿಗೆ ಎರಡನೇ ಸಲ ಅನ್ಯಾಯವಾಯಿತು ಎಂದು ಮಾತ್ರ ಅನ್ನಿಸಿತು.

ಆರು ಗಂಟೆಗೆ ಕಮಲಾಕರರ ಅಂಗಡಿಯಲ್ಲಿ ಪೂಜೆಯ ತಯಾರಿ ಸುರುವಾಯಿತು. ಅವರು ಹೊರಗೆ ಬಂದು ಎರಡು ಸಾವಿರ ರೂಪಾಯಿ ಅವಳ ಕೈಯಲ್ಲಿಟ್ಟರು. ಡಬ್ಬಿಗೆ ಹಾಕಲಿಲ್ಲ, ಕೈಯಲ್ಲಿಟ್ಟರು. ದೀಪ ಹಚ್ಚಿದ ಮೇಲೆ ಕೊಡಲು ಬರುವುದಿಲ್ಲ, ಅದಕ್ಕೆ ಈಗಲೇ ಎಂದರು. ಆಮೇಲೆ ಅವಳ ಮುಖ ನೋಡದೆ, ಪೂಜೆಯ ಹೊತ್ತಿಗೆ ಮೆಟ್ಟಿಲ ಮೇಲೆ ಬೇಡ ಅಮ್ಮ, ತಪ್ಪು ತಿಳಿಯಬೇಡಿ ಎಂದರು. ಸರೋಜಾ ತಪ್ಪು ತಿಳಿಯಲಿಲ್ಲ. ಮೆಟ್ಟಿಲಿಳಿದು ರಸ್ತೆ ದಾಟಿದಳು.

ಇಡೀ ಪೇಟೆಯಲ್ಲಿ ಅವಳಿಗೆ ಜಾಗ ಕೊಟ್ಟವಳು ಪರಮೇಶ್ವರಿ. ಹೂವು ಬಹುಪಾಲು ಖಾಲಿಯಾಗಿತ್ತು. ಗೋಣಿಯ ಮೂಲೆ ಝಾಡಿಸಿ, ಕೂತ್ಕಳಿ ಎಂದು, ಪ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಮೊಮ್ಮಗ ಉಳಿದ ಚೆಂಡುಹೂವಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು. ಪರಮೇಶ್ವರಿ ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ಸರೋಜಾ ಲೋಟಕ್ಕೆ ಬಾಯಿಟ್ಟಾಗ ಫೋನು ಬಂತು. ಭಾಸ್ಕರ.

ಅವನ ದನಿ ಸಮವಾಗಿತ್ತು, ಅದಕ್ಕೇ ಹೆದರಿಕೆಯಾಯಿತು. ಸಂತೋಷ ಎಲ್ಲ ಹೇಳಿದ ಎಂದ. ನೀವು ಮಾಡಿದ್ದು ತಪ್ಪಲ್ಲ ಎಂದ. ಡಬ್ಬಿಗಳನ್ನು ಒಟ್ಟುಮಾಡಿಕೊಂಡು ಬರಲು ಸಂತೋಷ ಹೊರಟಿದ್ದಾನಂತೆ. ಕಡಿಮೆ ಬಿದ್ದರೆ ತಾನು ಇಲ್ಲೇ ಕೂರುತ್ತೇನೆ, ಮಗುವನ್ನು ಮೊದಲು ಊರಿಗೆ ಬಿಡಿ ಎಂದು ಕಾಲು ಹಿಡಿದು ಕೇಳುತ್ತೇನೆ ಎಂದ.

"ಅಕ್ಕೋರೆ, ನಿಮ್ಮ ಹತ್ರ ಒಂದು ಹೇಳ್ಬೇಕು. ಅದು ಹೋದದ್ದು ಮೂರಕ್ಕಲ್ಲ. ಬೆಳಿಗ್ಗೆ ಹತ್ತೂವರೆಗೆ."

ಸರೋಜಾ ಲೋಟ ಕೆಳಗಿಟ್ಟಳು.

"ಹೇಳಿದ್ರೆ ನೀವೆಲ್ಲ ನಿಲ್ಲಿಸ್ಬಿಡ್ತ್ರಿ ಅಂತ ಹೇಳ್ಲಿಲ್ಲ. ಹನ್ನೊಂದಕ್ಕೆ ಸಂತೋಷ ಕೇಳ್ದ, ಮಲ್ಕಂಡದೆ ಅಂದೆ. ಮಧ್ಯಾಹ್ನ ಗಂಗಿ ಕೇಳ್ತು, ಗಂಜಿ ಉಂಡು ಮಲ್ಕಂಡದೆ ಅಂದೆ. ಮೂರಕ್ಕೆ ಮತ್ತೆ ಕೇಳ್ದ ಸಂತೋಷ. ಆಗ ಮುಚ್ಚಿಡುಕೆ ನನ್ನ ಹತ್ರ ಆಗ್ಲೇ ಇಲ್ಲ, ಈಗಷ್ಟೆ ಹೋತು ಅಂದೆ."

ಗಂಗಿಗೆ ಇನ್ನೂ ಹೇಳಿಲ್ಲ, ಫೋನಿನಲ್ಲಿ ಹೇಳಲು ತನ್ನಿಂದ ಆಗುವುದಿಲ್ಲ, ನೀವು ಹೋಗಿ ಹೇಳುತ್ತೀರಾ ಅಕ್ಕೋರೆ ಎಂದು ಕೇಳಿದ. ಸರೋಜಾ ಹೂಂ ಎಂದಳು. ಫೋನು ಇಟ್ಟ ಮೇಲೆ ಬೆಳಿಗ್ಗೆಯಿಂದ ಕೇಳಿದ ಹೆಸರುಗಳು ಒಂದೊಂದಾಗಿ ಎದ್ದು ಬಂದವು. ನಾಲ್ಕಲ್ಲ, ಮೂವತ್ತಕ್ಕೂ ಹೆಚ್ಚು. ಅವಳು ನಿಜವೆಂದು ತಿಳಿದು ಹೇಳಿದ ಮೊದಲು ಎಂಬ ಮಾತುಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಎಲ್ಲ ನೋಟೂ, ಎಲ್ಲ ಹೆಸರೂ, ಎಲ್ಲ ಪುಟ್ಟ ಕೈಗಳೂ ಹೋದ ಮಗುವಿನ ಮೇಲೆಯೇ ಬಿದ್ದದ್ದು. ಎದುರಿನ ಅಂಗಡಿಗಳಲ್ಲಿ ಒಂದೊಂದಾಗಿ ದೀಪ ಹಚ್ಚುತ್ತಿದ್ದರು. ಪೇಟೆಯ ಗದ್ದಲ ತಣ್ಣಗಾಗಿ ಗಂಟೆಯ ಸದ್ದು ಕೇಳಿಸುತ್ತಿತ್ತು.

ಪರಮೇಶ್ವರಿ ಗೋಣಿ ಮಡಚಲು ಮೊಮ್ಮಗನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವಳಿಗೂ ಒಂದು ಮಾತು ಕೇಳುವುದಿತ್ತು, ಆದರೆ ಉಳಿದವರ ಹಾಗೆ ಹೆದರಿ ಕೇಳುವುದಲ್ಲ; ಉತ್ತರ ಗೊತ್ತಿದ್ದವಳ ಧೈರ್ಯದಿಂದ, ಇನ್ನೊಮ್ಮೆ ಕೇಳಿ ಮನಸ್ಸು ತಂಪು ಮಾಡಿಕೊಳ್ಳಲಿಕ್ಕೆ.

"ನಂದು ಹನ್ನೊಂದಕ್ಕೇ ಆತಲ್ಲ ಅಕ್ಕೋರೆ, ಎಲ್ಲರಿಗಿಂತ ಮೊದಲು. ಆಗ ಇತ್ತಲ್ಲ ಆ ಮಗು?"

ಸರೋಜಾ ಹೆಗಲ ಮೇಲಿನ ಮಗುವನ್ನು ನೋಡಿದಳು. ಅದು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು.

"ಇತ್ತು ಪರಮೇಶ್ವರಕ್ಕ" ಎಂದಳು. "ಆಗಷ್ಟೇ ಗಂಜಿ ಉಂಡು ಮಲ್ಕಂಡಿತ್ತಂತೆ."

ಪರಮೇಶ್ವರಿ ಮೊಮ್ಮಗನ ಬೆನ್ನು ಸವರಿದಳು.

"ಅಷ್ಟಾದ್ರೆ ಆತು" ಎಂದಳು.